ಚೆಕ್‌ರೋಲಿನಲ್ಲಿ ಇಲ್ಲದ ಆಯಾ

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ದೊಡ್ಡ ಕಾಫಿ ತೋಟಗಳಲ್ಲಿ ಬೆಳಗಿನ ಹಾಜರಿ ಮುಗಿಯುತ್ತಿದ್ದಂತೆ ಇಬ್ಬರು ಹೆಂಗಸರು ಒಂದೇ ಕೆಲಸಕ್ಕೆ ಎರಡು ದಾರಿ ಹಿಡಿಯುತ್ತಾರೆ. ಒಬ್ಬರು ಕೆಲಸಗಾರರ ಮನೆಗಳ ಲೈನಿನ ಪಕ್ಕದ ಶಿಶುವಿಹಾರಕ್ಕೆ ಹೋಗುತ್ತಾರೆ. ಹಣ್ಣು ಕೊಯ್ಯಲು ಹೋದ ತಾಯಂದಿರ ಮಕ್ಕಳನ್ನು ಸಂಜೆಯವರೆಗೆ ನೋಡಿಕೊಳ್ಳುವುದು ಅವರ ಪಾಲಿನ ಕೆಲಸ. ಇನ್ನೊಬ್ಬರು ದಿಣ್ಣೆಯ ಮೇಲಿನ ಬಂಗಲೆಗೆ ಹೋಗುತ್ತಾರೆ. ಸಾಹುಕಾರರ ಮೊಮ್ಮಗುವಿಗೆ ಎಣ್ಣೆ ಹಚ್ಚಿ ನೀರೆರೆಯುವುದು, ಊಟ ಮಾಡಿಸುವುದು, ತೊಟ್ಟಿಲಲ್ಲಿ ಮಲಗಿಸುವುದು ಅವರ ಕೆಲಸ. ಇಬ್ಬರನ್ನೂ ಜನ ಆಯಾ ಎಂದೇ ಕರೆಯುತ್ತಾರೆ.

ಮೊದಲನೆಯವರ ಹೆಸರು ತೋಟದ ಹಾಜರಿ ಪುಸ್ತಕವಾದ ಚೆಕ್‌ರೋಲಿನಲ್ಲಿದೆ. ಬಟವಾಡೆಯ ದಿನ ಅವರು ಲೆಕ್ಕ ಬರೆಯುವ ರೈಟರ ಮುಂದೆ ಸಹಿ ಹಾಕಿ ಸಂಬಳ ತೆಗೆದುಕೊಳ್ಳುತ್ತಾರೆ. ಅವರಿಗೆ ಪಿ.ಎಫ್. ಇದೆ, ಬೋನಸ್ ಇದೆ, ರಜಾ ಸಂಬಳ ಇದೆ, ಕೆಲಸ ಬಿಡುವಾಗ ಗ್ರಾಚ್ಯುಯಿಟಿ ಇದೆ. ಎರಡನೆಯವರು ಅದೇ ಲೈನಿನವರೇ ಇರಬಹುದು, ಮೊದಲನೆಯವರ ತಂಗಿಯೇ ಇರಬಹುದು. ತಿಂಗಳು ತುಂಬಿದಾಗ ಅಮ್ಮಾವ್ರು ಅವರ ಕೈಗೆ ಸಂಬಳ ಕೊಡುತ್ತಾರೆ. ಆ ಸಂಬಳಕ್ಕೆ ಪುಸ್ತಕವಿಲ್ಲ, ಸಹಿಯಿಲ್ಲ. ಹತ್ತು ವರ್ಷ ದುಡಿದರೂ ದುಡಿದದ್ದಕ್ಕೆ ಒಂದು ಚೀಟಿಯ ಸಾಕ್ಷಿ ಇರುವುದಿಲ್ಲ.

ಮಗು ನೋಡಿಕೊಳ್ಳಲು ಒಬ್ಬರನ್ನು ಇಟ್ಟುಕೊಂಡ ಕುಟುಂಬ ಕಾನೂನಿನ ಕಣ್ಣಿಗೆ ಮಾಲೀಕನೇ? ಆ ಸಂಬಳದಲ್ಲಿ ತೆರಿಗೆ ಹಿಡಿಯಬೇಕೇ? ಪಿ.ಎಫ್. ಕಟ್ಟಬೇಕೇ? ಕಾಫಿ ಸೀಮೆಯ ಮನೆಗಳಲ್ಲಿ ಈ ಪ್ರಶ್ನೆಗಳು ಅಪರೂಪಕ್ಕೆ ಕೇಳಿಬರುತ್ತವೆ. ನಮ್ಮ ದೇಶದಲ್ಲಿ ಸಂಬಳದ ಲೆಕ್ಕ ಇಡುವುದನ್ನು ಚೆನ್ನಾಗಿ ಬಲ್ಲ ಮನೆಗಳು ಯಾವುವು ಎಂದು ಹುಡುಕಿದರೆ ತೋಟದ ಮನೆಗಳು ಮೊದಲ ಸಾಲಿನಲ್ಲಿ ಬರುತ್ತವೆ. ಆದ್ದರಿಂದ ಈ ಪ್ರಶ್ನೆಯನ್ನು ಮೊದಲು ಕೇಳಬೇಕಾದ ಜಾಗವೂ ಇದೇ.

ಶಿಶುವಿಹಾರದ ಆಯಾಗೆ ಈ ಹಕ್ಕುಗಳು ಬಂದದ್ದು ಹೇಗೆ ಎಂಬುದನ್ನು ಮೊದಲು ನೋಡಬೇಕು. 1951ರ ತೋಟ ಕಾರ್ಮಿಕರ ಕಾಯ್ದೆ, ಆಮೇಲಿನ ತಿದ್ದುಪಡಿಯೂ ಸೇರಿ, 5 ಹೆಕ್ಟೇರ್ ಅಥವಾ ಅದಕ್ಕಿಂತ ದೊಡ್ಡದಾದ, 15 ಅಥವಾ ಹೆಚ್ಚು ಕೆಲಸಗಾರರಿರುವ ತೋಟಗಳನ್ನು ತನ್ನ ಹಿಡಿತಕ್ಕೆ ತಂದುಕೊಂಡಿತು. ಕುಡಿಯುವ ನೀರು, ವಸತಿ, ವೈದ್ಯಕೀಯ ನೆರವಿನ ಜೊತೆಗೆ ಶಿಶುವಿಹಾರವನ್ನೂ ಕಡ್ಡಾಯ ಮಾಡಿತು. 50 ಅಥವಾ ಹೆಚ್ಚು ಹೆಂಗಸರು ಕೆಲಸಕ್ಕಿದ್ದರೆ, ಇಲ್ಲವೇ ಅವರ ಪುಟ್ಟ ಮಕ್ಕಳ ಸಂಖ್ಯೆ 20 ಮುಟ್ಟಿದರೆ ಮಕ್ಕಳಿಗೊಂದು ಕೋಣೆ ಬೇಕಿತ್ತು. ಅದು ಗಾಳಿ ಬೆಳಕಿನ, ಚೊಕ್ಕಟವಾದ ಕೋಣೆಯಾಗಿರಬೇಕಿತ್ತು. ಮಕ್ಕಳನ್ನು ನೋಡಿಕೊಳ್ಳಲು ತರಬೇತಿ ಇರುವ ಹೆಂಗಸೊಬ್ಬರು ಅಲ್ಲಿ ಇರಬೇಕಿತ್ತು. ಮಕ್ಕಳನ್ನು ನೋಡಿಕೊಳ್ಳುವುದು ಒಂದು ಉದ್ಯೋಗ, ಅದಕ್ಕೆ ಕೂಲಿ ಸಲ್ಲಬೇಕು ಎಂದು ಕಾನೂನು ಈ ಬೆಟ್ಟಗಳಲ್ಲಿ ಒಪ್ಪಿಕೊಂಡು ಎಪ್ಪತ್ತು ವರ್ಷಕ್ಕೂ ಹೆಚ್ಚಾಯಿತು.

ಅದೇ ದಶಕದಲ್ಲಿ ಕಾಫಿ ತೋಟಗಳು ಪಿ.ಎಫ್. ಯೋಜನೆಯ ಒಳಕ್ಕೂ ಬಂದವು. ಆಮೇಲೆ 1961ರ ಹೆರಿಗೆ ಸೌಲಭ್ಯ ಕಾಯ್ದೆ ಬಂತು, 1972ರಲ್ಲಿ ಗ್ರಾಚ್ಯುಯಿಟಿ ಕಾಯ್ದೆ ಬಂತು. ಎರಡರಲ್ಲೂ ತೋಟಗಳನ್ನು ಹೆಸರು ಹೇಳಿ ಸೇರಿಸಲಾಗಿತ್ತು. ಹೆರಿಗೆ ರಜೆ 2017ರಿಂದ 26 ವಾರಕ್ಕೆ ಏರಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳು ಈ ಹಳೆಯ ಕಾಯ್ದೆಗಳನ್ನು ತಮ್ಮೊಳಗೆ ಸೇರಿಸಿಕೊಂಡಿವೆ.

ಈಗ ಬಂಗಲೆಯ ಕಡೆಗೆ ಬರೋಣ.

ಆದಾಯ ತೆರಿಗೆಯ ನಿಯಮ ಸರಳವಾಗಿದೆ. ಸಂಬಳ ಕೊಡುವವರು ಯಾರೇ ಇರಲಿ, ಆ ಸಂಬಳಕ್ಕೆ ತೆರಿಗೆ ಬೀಳುವಂತಿದ್ದರೆ ಮೂಲದಲ್ಲೇ ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಕೊಡುವವರು ಕಂಪನಿಯಲ್ಲ, ಮನೆಯವರು ಎಂಬ ಕಾರಣಕ್ಕೆ ವಿನಾಯಿತಿ ಸಿಗುವುದಿಲ್ಲ. ಆದರೆ 2025–26ರ ಹೊಸ ಪದ್ಧತಿಯಲ್ಲಿ ವರ್ಷಕ್ಕೆ 12 ಲಕ್ಷ ರೂಪಾಯಿವರೆಗಿನ ಸಾಮಾನ್ಯ ಆದಾಯಕ್ಕೆ ತೆರಿಗೆಯೇ ಬರುವುದಿಲ್ಲ. ಆಯಾ ಒಬ್ಬರ ಸಂಬಳ ಅದರ ಹತ್ತಿರಕ್ಕೂ ಹೋಗುವುದಿಲ್ಲವಾದ್ದರಿಂದ ಹಿಡಿಯಬೇಕಾದ ತೆರಿಗೆ ಸೊನ್ನೆ. ರಾಜ್ಯದ ವೃತ್ತಿ ತೆರಿಗೆಯ ಕತೆಯೂ ಹೀಗೇ. 1976ರ ಆ ಕಾಯ್ದೆಯಂತೆ ಈಗ ತಿಂಗಳಿಗೆ 25,000 ರೂಪಾಯಿ ಮತ್ತು ಮೇಲ್ಪಟ್ಟ ಸಂಬಳದಲ್ಲಿ 200 ರೂಪಾಯಿ ಹಿಡಿಯುತ್ತಾರೆ, ಫೆಬ್ರುವರಿಯಲ್ಲಿ ಮಾತ್ರ 300. ಅದಕ್ಕಿಂತ ಕಡಿಮೆ ಸಂಬಳದವರಿಗೆ ವೃತ್ತಿ ತೆರಿಗೆ ಇಲ್ಲ.

ಪಿ.ಎಫ್. ಕಡ್ಡಾಯವಾಗುವುದು 20 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗೆ. ಇ.ಎಸ್.ಐ.ಗೆ 10 ಜನ ಸಾಕು. ಒಬ್ಬ ಆಯಾ, ಒಬ್ಬ ಅಡುಗೆಯವರು, ಒಬ್ಬ ಡ್ರೈವರ್ ಇರುವ ಮನೆ ಈ ಎರಡು ಲೆಕ್ಕಕ್ಕೂ ಸಿಗುವುದಿಲ್ಲ. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮನೆಗೆಲಸ ಕೈಗಾರಿಕೆಯಲ್ಲ ಎಂದು ಬರೆದೇಬಿಟ್ಟಿದೆ. ಹಾಗಾಗಿ ಕೆಲಸದಿಂದ ತೆಗೆದುಹಾಕಿದರೆ ಕೈಗಾರಿಕಾ ವಿವಾದವೆಂದು ದೂರು ಹೊತ್ತು ಹೋಗಲೂ ಆಯಾಗೆ ದಾರಿಯಿಲ್ಲ.

ಇಷ್ಟು ಕೇಳಿದ ಮೇಲೆ ಕುಟುಂಬಕ್ಕೆ ಯಾವ ಹೊಣೆಯೂ ಇಲ್ಲ ಎಂದುಕೊಂಡರೆ ತಪ್ಪಾಗುತ್ತದೆ. ಮನೆಗೆಲಸಕ್ಕೆ ಕನಿಷ್ಠ ವೇತನ ಗೊತ್ತು ಮಾಡಿದ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 1992ರಲ್ಲಿ ಅಧಿಸೂಚನೆ ಬಂದು ಮರುವರ್ಷವೇ ಹಿಂದಕ್ಕೆ ಹೋಯಿತು. 2004ರಲ್ಲಿ ಮತ್ತೆ ಬಂತು, ಆಗ ಉಳಿಯಿತು. ಅದರ ಹಿಂದೆ ಬೆಂಗಳೂರಿನ ಮನೆಗೆಲಸದ ಹೆಂಗಸರ ಸಂಘಟನೆಗಳ ದೀರ್ಘ ಹೋರಾಟವಿತ್ತು. 1985ರಲ್ಲಿ ವಿಮೆನ್ಸ್ ವಾಯ್ಸ್ ಸಂಸ್ಥೆ ಕಟ್ಟಿದ ರೂತ್ ಮನೋರಮಾ, ಸ್ತ್ರೀ ಜಾಗೃತಿ ಸಮಿತಿಯ ಗೀತಾ ಮೆನನ್ ಅವರಂಥವರು ಬೀದಿ ಬೀದಿ ಅಲೆದು ಆ ಹೆಂಗಸರನ್ನು ಒಟ್ಟುಗೂಡಿಸಿದರು. ಕನಿಷ್ಠ ವೇತನದ ದರ ಕಾಲಕಾಲಕ್ಕೆ ಬದಲಾಗುತ್ತದೆ, ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಕೇಳಿ ತಿಳಿಯಬಹುದು. ಊಟ, ಹಳೆ ಸೀರೆ, ಹಬ್ಬದ ಇನಾಮನ್ನು ಲೆಕ್ಕ ಹಾಕಿ ಆ ದರಕ್ಕಿಂತ ಕಡಿಮೆ ಹಣ ಕೊಡುವಂತಿಲ್ಲ.

ಇನ್ನೂ ಮೂರು ಕಾನೂನುಗಳು ಬಂಗಲೆಯ ಬಾಗಿಲು ದಾಟಿ ಒಳಗೆ ಬರುತ್ತವೆ. ಕೂಸು ಆಡಿಸಲು ಲೈನಿನ ಪುಟ್ಟ ಹುಡುಗಿಯನ್ನು ಕರೆಸಿಕೊಳ್ಳುವ ರೂಢಿ ಹಿಂದೆ ಎಲ್ಲ ಕಡೆ ಇತ್ತು. 2006ರ ಅಕ್ಟೋಬರ್ 10ರಿಂದ 14 ವರ್ಷದೊಳಗಿನ ಮಕ್ಕಳನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದು ಅಪರಾಧ. ಮದುವೆಗೋ ಆಸ್ಪತ್ರೆಗೋ ಮುಂಗಡ ಕೊಟ್ಟು, ಅದು ತೀರುವವರೆಗೆ ಬಿಟ್ಟು ಹೋಗಕೂಡದು ಎಂದು ಕಟ್ಟಿಹಾಕುವುದು 1976ರ ಜೀತ ನಿರ್ಮೂಲನ ಕಾಯ್ದೆಯ ಪ್ರಕಾರ ಜೀತವೇ. ಇನ್ನು 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಮನೆಯನ್ನೂ ಕೆಲಸದ ಜಾಗವೆಂದು ಎಣಿಸುತ್ತದೆ. ಮನೆಗೆಲಸದವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು.

ಹಾಗಾದರೆ ಆಯಾ ಹೆಸರನ್ನು ತೋಟದ ಚೆಕ್‌ರೋಲಿಗೇ ಸೇರಿಸಿದರೆ ಎಲ್ಲ ಸರಿಹೋಗುತ್ತದಲ್ಲ ಎಂಬ ಮಾತು ತಾನಾಗಿಯೇ ಬರುತ್ತದೆ. ಕಂಪನಿ ತೋಟಗಳಲ್ಲಿ ಮ್ಯಾನೇಜರ್ ಬಂಗಲೆಯ ಕೆಲಸದವರನ್ನು ಹೀಗೆ ಸೇರಿಸುವುದುಂಟು. ಅಲ್ಲಿ ಬಂಗಲೆಯೂ ಕಂಪನಿಯದು, ಕೆಲಸದವರನ್ನು ಕೊಡುವುದೂ ಕಂಪನಿಯೇ. ಕುಟುಂಬದ ಸ್ವಂತ ತೋಟದಲ್ಲಿ ಲೆಕ್ಕ ಬೇರೆಯಾಗುತ್ತದೆ. ಬೆಳೆಗಾರರು ತಾವೇ ಬೆಳೆದ ಕಾಫಿಯನ್ನು ಕ್ಯೂರಿಂಗ್ ಮಾಡಿಸಿ ಮಾರಿದರೆ ಆದಾಯದ ಶೇಕಡ 25 ಭಾಗ ಕೇಂದ್ರದ ಆದಾಯ ತೆರಿಗೆಗೆ ಒಳಪಡುತ್ತದೆ. ಹುರಿದು ಪುಡಿ ಮಾಡಿ ಮಾರಿದರೆ ಶೇಕಡ 40. ಆ ಲೆಕ್ಕದಲ್ಲಿ ಮೊಮ್ಮಗುವಿನ ಆಯಾ ಸಂಬಳವನ್ನು ಗೊಬ್ಬರ, ಕಸಿ, ಮರಗಸಿಯ ಖರ್ಚಿನ ಸಾಲಿಗೆ ಸೇರಿಸುವಂತಿಲ್ಲ. ಅದು ಮನೆಯ ಸ್ವಂತ ಖರ್ಚು. ತೋಟದ ಕೆಲಸಕ್ಕೆ ಸಂಬಂಧವೇ ಇಲ್ಲದವರನ್ನು ತೋಟದ ಕೆಲಸಗಾರರೆಂದು ತೋರಿಸಿದರೆ ಪಿ.ಎಫ್. ಲೆಕ್ಕವೂ ಸುಳ್ಳಾಗುತ್ತದೆ. ಅರ್ಧ ದಿನ ಶಿಶುವಿಹಾರದಲ್ಲಿ, ಅರ್ಧ ದಿನ ಬಂಗಲೆಯಲ್ಲಿ ದುಡಿಯುವ ಆಯಾಗೆ ಮಾತ್ರ ತೋಟದ ಪಾಲಿನ ಹಕ್ಕುಗಳು ಪೂರ್ತಿ ಸಲ್ಲಬೇಕು. ಬಂಗಲೆಗೆ ಕರೆಸಿಕೊಂಡ ದಿನಗಳಲ್ಲಿ ರೈಟರು ಗೈರುಹಾಜರಿ ಹಾಕಿದರೆ ನಷ್ಟ ಆ ಹೆಂಗಸಿಗೆ.

ಎಲ್ಲಕ್ಕಿಂತ ದೊಡ್ಡ ನಷ್ಟ ಆಗುವುದು ಬೇರೊಂದು ಕಡೆ. ತೋಟದ ಮನೆಗಳ ಮಕ್ಕಳು ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾರೆ. ಮಗಳು ಬಾಣಂತನ ಮುಗಿಸಿ ಹೊರಡುವಾಗ ತೋಟದಿಂದ ನಂಬಿಕೆಯ ಹೆಂಗಸೊಬ್ಬರನ್ನು ಜೊತೆಗೆ ಕಳಿಸುತ್ತಾರೆ. ಕಳಸದ ಕಡೆಯ ಒಂದು ತೋಟದಲ್ಲಿ ನಾಲ್ಕು ವರ್ಷ ಹಣ್ಣು ಕೊಯ್ದವರು ಹೀಗೆ ಹೊರಟರೆಂದುಕೊಳ್ಳಿ. ಚೆಕ್‌ರೋಲಿನಿಂದ ಅವರ ಹೆಸರು ಹೋಗುತ್ತದೆ. ಎರಡು ವರ್ಷ ಅಪಾರ್ಟ್‌ಮೆಂಟಿನಲ್ಲಿ ಮಗು ನೋಡಿಕೊಂಡು ತೋಟಕ್ಕೆ ಮರಳಿದಾಗ ಹೊಸ ಕೆಲಸಗಾರರೆಂದು ಹೆಸರು ಬರೆಯುತ್ತಾರೆ. ಗ್ರಾಚ್ಯುಯಿಟಿಗೆ ಬೇಕಾದ ಐದು ವರ್ಷದ ಎಣಿಕೆ ಮತ್ತೆ ಒಂದರಿಂದ ಶುರು. ಪಿ.ಎಫ್. ಖಾತೆಯ ಹಳೆಯ ಹಣ ಎಲ್ಲೂ ಹೋಗುವುದಿಲ್ಲ, 2014ರಲ್ಲಿ ಬಂದ ಯು.ಎ.ಎನ್. ಸಂಖ್ಯೆ ಅದನ್ನು ಹಿಡಿದಿಡುತ್ತದೆ. ಆದರೆ ಆ ಎರಡು ವರ್ಷ ಖಾತೆಗೆ ಒಂದು ರೂಪಾಯಿಯೂ ಸೇರುವುದಿಲ್ಲ.

ಇದನ್ನು ಅಂಕಿಗಳಲ್ಲಿ ನೋಡುವುದು ಒಳ್ಳೆಯದು. ತಿಂಗಳಿಗೆ 10,000 ರೂಪಾಯಿ ಸಂಬಳ, 15 ವರ್ಷದ ದುಡಿಮೆ ಎಂದು ಇಟ್ಟುಕೊಳ್ಳೋಣ. ಶಿಶುವಿಹಾರದ ಆಯಾ ಸಂಬಳದಿಂದ ಶೇಕಡ 12, ಅಂದರೆ 1,200 ರೂಪಾಯಿ ಪಿ.ಎಫ್.ಗೆ ಹೋಗುತ್ತದೆ. ತೋಟದವರೂ ಅಷ್ಟೇ ಹಾಕುತ್ತಾರೆ. ಅದರಲ್ಲಿ 833 ರೂಪಾಯಿ ಪಿಂಚಣಿ ನಿಧಿಗೆ, ಉಳಿದ 367 ರೂಪಾಯಿ ಪಿ.ಎಫ್. ಖಾತೆಗೆ. ತಿಂಗಳಿಗೆ 1,567 ರೂಪಾಯಿಯಂತೆ 15 ವರ್ಷಕ್ಕೆ ಬರೀ ಅಸಲು 2,82,060 ರೂಪಾಯಿ ಆಗುತ್ತದೆ, ಬಡ್ಡಿ ಬೇರೆ. ಗ್ರಾಚ್ಯುಯಿಟಿ ವರ್ಷಕ್ಕೆ 15 ದಿನದ ಸಂಬಳದಂತೆ ಸುಮಾರು 86,500 ರೂಪಾಯಿ. 58 ದಾಟಿದ ಮೇಲೆ ಈಗಿನ ಸೂತ್ರದಂತೆ ತಿಂಗಳಿಗೆ ಸುಮಾರು 2,140 ರೂಪಾಯಿ ಪಿಂಚಣಿ. ಬಂಗಲೆಯ ಆಯಾ ಅಷ್ಟೇ ವರ್ಷ ಅಷ್ಟೇ ಸಂಬಳಕ್ಕೆ ದುಡಿದಿದ್ದರೆ ಕಾನೂನಿನ ಪ್ರಕಾರ ಅವರಿಗೆ ಕೊನೆಗೆ ಸಿಗುವುದು ಏನೂ ಇಲ್ಲ.

ಕೈಬಿಡುವುದಿಲ್ಲ, ಮನೆಯವರ ಹಾಗೆಯೇ ನೋಡಿಕೊಳ್ಳುತ್ತೇವೆ ಎಂದು ತೋಟದ ಮನೆಗಳಲ್ಲಿ ಹೇಳುತ್ತಾರೆ. ಅದು ಬಾಯಿಮಾತಲ್ಲ. ಆಯಾ ಮಕ್ಕಳ ಶಾಲೆಯ ಫೀಸು ಕಟ್ಟಿದ, ಗಂಡನ ಆಪರೇಷನ್ನಿಗೆ ಮಂಗಳೂರಿಗೆ ಜೀಪು ಕಳಿಸಿದ ಮನೆಗಳು ಈ ಸೀಮೆಯಲ್ಲಿ ಬೇಕಾದಷ್ಟಿವೆ. ಆದರೆ ತೋಟಗಳು ಕೈ ಬದಲಾಗುತ್ತಿರುತ್ತವೆ. ಹಿರಿಯರು ತೀರಿಕೊಂಡು ಪಾಲಾಗುತ್ತದೆ, ಸಾಲಕ್ಕೆ ಮಾರಾಟವಾಗುತ್ತದೆ. ಚೆಕ್‌ರೋಲಿನಲ್ಲಿದ್ದವರ ಹಳೆಯ ಸೇವೆ ಹೊಸ ಮಾಲೀಕರ ಲೆಕ್ಕಕ್ಕೆ ದಾಟುತ್ತದೆ. ಹಳೆಯ ಅಮ್ಮಾವ್ರ ಪ್ರೀತಿ ಕ್ರಯಪತ್ರದಲ್ಲಿ ದಾಟುವುದಿಲ್ಲ.

ಇದೇ ಮನೆಗಳ ಇನ್ನೊಬ್ಬ ಮಗ ಅಮೆರಿಕದಲ್ಲಿದ್ದರೆ ಅಲ್ಲಿ ಮಗು ನೋಡಿಕೊಳ್ಳುವವರ ಲೆಕ್ಕ ಹೇಗಿರುತ್ತದೆ ಎಂಬುದೂ ಗಮನಿಸಬೇಕಾದ ವಿಷಯ. 2025ರಲ್ಲಿ ಅಲ್ಲಿಯ ಒಂದು ಕುಟುಂಬ ನ್ಯಾನಿಯೊಬ್ಬರಿಗೆ ವರ್ಷದಲ್ಲಿ 2,800 ಡಾಲರ್ ಅಥವಾ ಹೆಚ್ಚು ಸಂಬಳ ಕೊಟ್ಟರೆ ಕುಟುಂಬವೇ ಮಾಲೀಕನಾಗುತ್ತದೆ. ಸೋಶಿಯಲ್ ಸೆಕ್ಯುರಿಟಿ ಮತ್ತು ಮೆಡಿಕೇರ್‌ಗೆ ಸಂಬಳದ ಶೇಕಡ 7.65 ಭಾಗ ನ್ಯಾನಿಯಿಂದ, ಅಷ್ಟೇ ಕುಟುಂಬದಿಂದ ಸೇರುತ್ತದೆ. ಮಾಲೀಕರ ಗುರುತು ಸಂಖ್ಯೆ ಪಡೆದು, ನ್ಯಾನಿಗೆ ವರ್ಷದ ಸಂಬಳದ ಪತ್ರ ಕೊಟ್ಟು, ತಮ್ಮ ಆದಾಯ ತೆರಿಗೆ ವಿವರದ ಜೊತೆ ಶೆಡ್ಯೂಲ್ ಎಚ್ ಎಂಬ ಹಾಳೆ ತುಂಬಬೇಕು. ಪಕ್ಕದ ಬೀದಿಯ ಭಾರತೀಯ ಆಂಟಿಯೊಬ್ಬರಿಗೆ ಮಗು ಒಪ್ಪಿಸಿ ಕೈಯಲ್ಲಿ ನಗದು ಕೊಡುವವರಿಗೂ, ಅವರು ತಮ್ಮ ಮನೆಗೇ ಬಂದು ತಾವು ಹೇಳಿದ ಹಾಗೆ ಮಗುವನ್ನು ನೋಡಿಕೊಳ್ಳುತ್ತಿದ್ದರೆ, ಈ ನಿಯಮ ತಪ್ಪುವುದಿಲ್ಲ.

ಆ ನಿಯಮದ ಬಿಸಿ ದೊಡ್ಡವರಿಗೂ ತಟ್ಟಿದೆ. 1993ರ ಜನವರಿಯಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ದೇಶದ ಅಟಾರ್ನಿ ಜನರಲ್ ಹುದ್ದೆಗೆ ಜೋಯಿ ಬೇರ್ಡ್ ಎಂಬ ವಕೀಲೆಯನ್ನು ಆರಿಸಿದ್ದರು. ಪರವಾನಗಿ ಇಲ್ಲದ ಪೆರು ದೇಶದ ದಂಪತಿಯನ್ನು ಮನೆಗೆಲಸಕ್ಕೆ ಇಟ್ಟುಕೊಂಡು, ಅವರ ಸೋಶಿಯಲ್ ಸೆಕ್ಯುರಿಟಿ ತೆರಿಗೆಯನ್ನು ಕಟ್ಟದಿದ್ದ ಸಂಗತಿ ಹೊರಬಿದ್ದು ಆಕೆ ಹಿಂದೆ ಸರಿಯಬೇಕಾಯಿತು. ಮರುವರ್ಷ ಅಮೆರಿಕದ ಸಂಸತ್ತು ಕಾನೂನನ್ನೇ ಸರಿಪಡಿಸಿತು. ಮೂರು ತಿಂಗಳಿಗೆ 50 ಡಾಲರ್ ಕೊಟ್ಟರೂ ತೆರಿಗೆ ಎಂದಿದ್ದ ಹಳೆಯ ಮಿತಿಯನ್ನು ವರ್ಷಕ್ಕೆ 1,000 ಡಾಲರ್‌ಗೆ ಏರಿಸಿ, ಸಾಮಾನ್ಯ ಕುಟುಂಬಗಳು ತಮ್ಮ ವಾರ್ಷಿಕ ವಿವರದ ಜೊತೆಗೇ ಕಟ್ಟುವಂತೆ ಸುಲಭ ಮಾಡಿತು.

ಅಮೆರಿಕದಂಥ ಸಿರಿವಂತ ದೇಶಕ್ಕೆ ಮಾತ್ರ ಇದು ಸಾಧ್ಯ ಎನ್ನುವ ಹಾಗಿಲ್ಲ. ನಮ್ಮ ಹಾಗೆಯೇ ಮನೆಗೆಲಸದವರು ಲಕ್ಷಗಟ್ಟಲೆ ಇರುವ ಫಿಲಿಪ್ಪೀನ್ಸ್ 2013ರಲ್ಲಿ ಕಸಂಬಹಾಯ್ ಕಾಯ್ದೆ ತಂದಿತು. ಆಯಾ, ಅಡುಗೆಯವರ ಜೊತೆ ಬರಹದ ಒಪ್ಪಂದ ಅಲ್ಲಿ ಕಡ್ಡಾಯ. ಸಾಮಾಜಿಕ ಭದ್ರತೆ, ಆರೋಗ್ಯ ವಿಮೆ, ವಸತಿ ನಿಧಿಗೆ ಕಂತು ಕಟ್ಟಬೇಕು. ತಿಂಗಳ ಸಂಬಳ 5,000 ಪೆಸೊಗಿಂತ ಕಡಿಮೆಯಿದ್ದರೆ ಪೂರ್ತಿ ಕಂತು ಕುಟುಂಬದ್ದೇ. ಮನೆಗೆಲಸದವರ ಹಕ್ಕುಗಳ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2011ರ ಜೂನ್ 16ರಂದು 189ನೇ ಒಡಂಬಡಿಕೆಯನ್ನು ಅಂಗೀಕರಿಸಿದಾಗ ಭಾರತ ಅದರ ಪರವಾಗಿ ಮತ ಹಾಕಿತ್ತು. ಆ ಒಡಂಬಡಿಕೆಯನ್ನು ನಮ್ಮ ದೇಶ ಇನ್ನೂ ಸ್ಥಿರೀಕರಿಸಿಲ್ಲ.

ನಮ್ಮಲ್ಲೂ ಗಾಳಿ ಬದಲಾಗುತ್ತಿದೆ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಮನೆಗೆಲಸದವರಿಗಾಗಿ ಪ್ರತ್ಯೇಕ ಕಾನೂನಿನ ಅಗತ್ಯವನ್ನು ಪರಿಶೀಲಿಸಲು ತಜ್ಞರ ಸಮಿತಿ ಮಾಡುವಂತೆ ಕೇಂದ್ರಕ್ಕೆ ಹೇಳಿತು. ಅದೇ ವರ್ಷ ಕರ್ನಾಟಕದ ಕಾರ್ಮಿಕ ಇಲಾಖೆ ಮನೆಗೆಲಸದವರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣದ ಕರಡು ಮಸೂದೆಯನ್ನು ಜನರ ಮುಂದಿಟ್ಟಿತು. ಕೆಲಸದವರೂ ಕೆಲಸ ಕೊಡುವವರೂ ನೋಂದಾಯಿಸಿಕೊಳ್ಳಬೇಕು, ಒಪ್ಪಂದ ಬರಹದಲ್ಲಿರಬೇಕು, ಸಂಬಳದ ಶೇಕಡ 5ರವರೆಗೆ ಕಲ್ಯಾಣ ಶುಲ್ಕವನ್ನು ಕೆಲಸ ಕೊಡುವವರು ಕಟ್ಟಬೇಕು ಎಂಬುದು ಅದರ ತಿರುಳು. 10,000 ರೂಪಾಯಿ ಸಂಬಳಕ್ಕೆ ಅದು ತಿಂಗಳಿಗೆ ಹೆಚ್ಚೆಂದರೆ 500 ರೂಪಾಯಿ. ಶಿಶುವಿಹಾರದ ಆಯಾಗೆ ತೋಟ ಹಾಕುವ ಪಿ.ಎಫ್. ಪಾಲಿನ ಅರ್ಧಕ್ಕಿಂತಲೂ ಕಡಿಮೆ.

ಕಾನೂನು ಬರುವವರೆಗೆ ಕಾಯಬೇಕಾದ್ದೇನೂ ಇಲ್ಲ, ಈಗಲೇ ಮಾಡಬಹುದಾದ್ದು ಬೇಕಾದಷ್ಟಿದೆ. ಮೊದಲನೆಯದು ಒಂದು ಹಾಳೆ. ಕೆಲಸ ಏನು, ಎಷ್ಟು ಹೊತ್ತು, ಸಂಬಳ ಎಷ್ಟು, ವಾರದ ರಜೆ ಯಾವಾಗ ಎಂಬುದನ್ನು ಕನ್ನಡದಲ್ಲಿ ಬರೆದು, ಆಯಾಗೆ ಓದಿ ಹೇಳಿ, ಇಬ್ಬರೂ ಸಹಿ ಹಾಕಿ, ಒಂದು ಪ್ರತಿ ಅವರ ಕೈಯಲ್ಲಿರಬೇಕು. ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದವರಾದರೆ ಅವರ ಭಾಷೆ ಬಲ್ಲವರನ್ನು ಕೂರಿಸಿಕೊಂಡು ಓದಿಸಬೇಕು. ಎರಡನೆಯದು, ಸಂಬಳವನ್ನು ಆಯಾ ಹೆಸರಿನ ಬ್ಯಾಂಕ್ ಖಾತೆಗೇ ಹಾಕುವುದು. ಗಂಡನ ಖಾತೆಗಾಗಲಿ ಮೇಸ್ತ್ರಿಯ ಕೈಗಾಗಲಿ ಅಲ್ಲ.

ಮೂರನೆಯದು, 2021ರ ಆಗಸ್ಟ್ 26ರಂದು ಶುರುವಾದ ಇ–ಶ್ರಮ್ ನೋಂದಣಿ. 16ರಿಂದ 59 ವರ್ಷದ ಅಸಂಘಟಿತ ಕಾರ್ಮಿಕರು ಆಧಾರ್ ಮತ್ತು ಬ್ಯಾಂಕ್ ಖಾತೆಯ ವಿವರ ಕೊಟ್ಟು ಹೆಸರು ನೋಂದಾಯಿಸಬಹುದು. ಸಹಾಯವಾಣಿಯ ಸಂಖ್ಯೆ 14434. ರಾಜ್ಯದ ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಯೋಜನೆಯ ಪಟ್ಟಿಯಲ್ಲೂ ಮನೆಗೆಲಸದವರಿದ್ದಾರೆ. ನಾಲ್ಕನೆಯದು ಮುಪ್ಪಿನ ಕಾಲದ ಹಣ. 2019ರ ಶ್ರಮಯೋಗಿ ಮಾನ್‌ಧನ್ ಯೋಜನೆಗೆ 18ರಿಂದ 40 ವರ್ಷದ, ತಿಂಗಳಿಗೆ 15,000 ರೂಪಾಯಿವರೆಗೆ ಗಳಿಸುವವರು ಸೇರಬಹುದು. 29ನೇ ವಯಸ್ಸಿಗೆ ಸೇರಿದರೆ ತಿಂಗಳಿಗೆ 100 ರೂಪಾಯಿ ಕಟ್ಟಬೇಕು, ಕೇಂದ್ರ ಸರ್ಕಾರ ಅಷ್ಟೇ ಹಾಕುತ್ತದೆ. 60ರ ನಂತರ ತಿಂಗಳಿಗೆ 3,000 ರೂಪಾಯಿ ಪಿಂಚಣಿ ಬರುತ್ತದೆ. 40 ದಾಟಿದವರ ಹೆಸರಿನಲ್ಲಿ ಅಂಚೆ ಕಚೇರಿಯಲ್ಲಿ ಆರ್.ಡಿ. ಖಾತೆ ತೆರೆದು, ತೋಟ ಹಾಕುವ ಪಾಲಿನಷ್ಟೇ ಹಣವನ್ನು ಮನೆಯವರು ತಿಂಗಳು ತಿಂಗಳು ಹಾಕಬಹುದು.

ಐದನೆಯದು ಅಪಘಾತ. ಆಲ್ದೂರು, ಮೂಡಿಗೆರೆ ಕಡೆಯ ರಸ್ತೆಗಳಲ್ಲಿ ಕಾಡಾನೆ ಎದುರಾಗುವ ಕಾಲ ಇದು. ಮಗು ಮಲಗಿದ ಮೇಲೆ ಕತ್ತಲಲ್ಲಿ ಲೈನಿಗೆ ಇಳಿಯುವ ಆಯಾಗೆ ಟಾರ್ಚಿಗಿಂತ ಜೀಪು ಮುಖ್ಯ. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಅಪಘಾತದ ಸಾವಿಗೆ 2 ಲಕ್ಷ ರೂಪಾಯಿ ಕೊಡುತ್ತದೆ. 436 ರೂಪಾಯಿಯ ಜೀವನ್ ಜ್ಯೋತಿ ಬಿಮಾ ಯಾವ ಕಾರಣದ ಸಾವಿಗೂ 2 ಲಕ್ಷ ಕೊಡುತ್ತದೆ. ಎರಡೂ ಸೇರಿ ವರ್ಷಕ್ಕೆ 456 ರೂಪಾಯಿ.

ಬಂಗಲೆಯ ಒಂದು ಭಾಗವನ್ನು ಹೋಂಸ್ಟೇ ಮಾಡಿರುವ ಮನೆಗಳು ಇನ್ನೊಂದು ವಿಷಯ ನೆನಪಿಡಬೇಕು. ಮಗು ನೋಡಿಕೊಳ್ಳಲು ಬಂದವರನ್ನು ಶನಿವಾರ ಭಾನುವಾರ ಅತಿಥಿಗಳ ಕೋಣೆ ಗುಡಿಸಲು, ನೀರು ದೋಸೆ ಹುಯ್ಯಲು ಕರೆದರೆ ಅದು ಮನೆಗೆಲಸವಾಗಿ ಉಳಿಯುವುದಿಲ್ಲ. ಅತಿಥಿಗಳಿಂದ ದುಡ್ಡು ಪಡೆಯುವ ವ್ಯಾಪಾರದ ಕೆಲಸ ಅದು. ಅದರ ಕೂಲಿ ಬೇರೆಯಾಗಿ ಸಲ್ಲಬೇಕು, ಹೋಂಸ್ಟೇಯ ಲೆಕ್ಕದಲ್ಲಿ ಬರೆಯಬೇಕು.

ಈ ಕೆಲಸಗಳಿಗೆ ತೋಟದ ಮನೆ ಹೊರಗಿನವರನ್ನು ಹುಡುಕಬೇಕಾಗಿಲ್ಲ. ಪಿ.ಎಫ್. ಹಣ ಪ್ರತಿ ತಿಂಗಳ 15ರೊಳಗೆ ಕಟ್ಟಬೇಕೆಂದು ರೈಟರಿಗೆ ಗೊತ್ತು. ಚಿಕ್ಕಮಗಳೂರಿನಲ್ಲಿಯೇ ಪಿ.ಎಫ್. ಕಚೇರಿ ಇದೆ. ಅದೇ ಮೇಜಿನ ಮೇಲೆ ಬಂಗಲೆಯ ಕೆಲಸದವರಿಗೆ ಬೇರೆಯದೇ ಒಂದು ಪುಸ್ತಕ ತೆರೆದು, ಅದರ ಹಣವನ್ನು ಮನೆಯ ಖಾತೆಯಿಂದ ಕೊಡಲು ಯಾವ ಕಾನೂನಿನ ಅಡ್ಡಿಯೂ ಇಲ್ಲ. ಐದು ಹತ್ತು ಎಕರೆಯ ಸಣ್ಣ ಬೆಳೆಗಾರರ ಮನೆಯಲ್ಲಿ ರೈಟರಿಲ್ಲದಿದ್ದರೂ ಒಂದು ನೋಟ್‌ಬುಕ್ ಸಾಕು.

ಕಾಫಿ ತೋಟಗಳ ಕೂಲಿ ದರ ಬೆಳೆಗಾರರ ಸಂಘಟನೆ ಮತ್ತು ಕಾರ್ಮಿಕ ಸಂಘಗಳ ಮಾತುಕತೆಯಲ್ಲಿ ಚರ್ಚೆಯಾಗುತ್ತದೆ. ಕರ್ನಾಟಕ ಪ್ಲಾಂಟರ್ಸ್ ಅಸೋಸಿಯೇಷನ್ನಿನ ಕಚೇರಿ ಚಿಕ್ಕಮಗಳೂರಿನಲ್ಲೇ ಇದೆ. ಮುಂದಿನ ಮಾತುಕತೆಯ ಮೇಜಿಗೆ ಬಂಗಲೆಯ ಆಯಾ ಸಂಗತಿಯೂ ಬರಬೇಕು. ತೋಟದಿಂದ ಬೆಂಗಳೂರಿನ ಮಕ್ಕಳ ಮನೆಗೆ ಕಳಿಸಿದವರ ಹೆಸರನ್ನು ಚೆಕ್‌ರೋಲಿನಿಂದ ಹೊಡೆದುಹಾಕದೆ, ಸಂಬಳವಿಲ್ಲದ ರಜೆಯಲ್ಲಿಟ್ಟು ಅವರ ಸೇವೆ ಮುರಿಯದಂತೆ ನೋಡಿಕೊಳ್ಳುವ ಒಂದು ಷರತ್ತನ್ನು ಎರಡೂ ಕಡೆಯವರು ಒಪ್ಪಿ ಬರೆದುಕೊಂಡರೆ, ಕಳಸದಿಂದ ಹೋಗಿ ಮರಳುವ ಆ ಹೆಂಗಸಿನ ಹಳೆಯ ನಾಲ್ಕು ವರ್ಷ ಲೆಕ್ಕದಲ್ಲಿ ಉಳಿಯುತ್ತದೆ. ಶಾಸನಸಭೆಯಲ್ಲಿ ಮಸೂದೆ ಪಾಸಾಗುವವರೆಗೆ ಕಾಯದೆ ಈ ಷರತ್ತನ್ನು ಈ ಸುಗ್ಗಿಯ ಮೊದಲೇ ಬರೆಯಬಹುದು.